ನಿತ್ಯಪುಷ್ಪ ಅಂಗಳಕ್ಕೆ ಬರಲಿ, ಹೊಲಕ್ಕೆ ಬೇಡ

ನಿಮ್ಮ ಮನೆಯ ಮುಂದಿನ ಅಂಗಳವನ್ನು ಒಮ್ಮೆ ನೋಡಿ. ಸಾರಿಸಿ ರಂಗೋಲಿ ಹಾಕುವಷ್ಟು ಜಾಗ ಬಿಟ್ಟರೆ ಉಳಿದದ್ದೆಲ್ಲ ಬೋಳು ನೆಲ. ಬೇಸಿಗೆಯಲ್ಲಿ ಅಲ್ಲಿಂದೇಳುವ ಧೂಳು ಅಡಿಗೆಮನೆಯ ತನಕ ಬರುತ್ತದೆ. ಮುಂಗಾರಿನ ಮೊದಲೆರಡು ಮಳೆಗೆ ಅದೇ ಮಣ್ಣು ಕೊಚ್ಚಿಕೊಂಡು ಚರಂಡಿ ಸೇರುತ್ತದೆ. ಹೊಲದ ಬದುವಿಗೆ ಅಷ್ಟು ಶ್ರಮಪಡುವ ನಾವು ಮನೆ ಮುಂದಿನ ನಾಲ್ಕು ಗಜ ಮಣ್ಣನ್ನು ಮಾತ್ರ ಹೀಗೇಕೆ ಬಿಟ್ಟಿದ್ದೇವೆ? ಹುಲ್ಲು ಬೆಳೆಸೋಣವೆಂದರೆ ನೀರಿಲ್ಲ; ಹೂಗಿಡ ಹಾಕೋಣವೆಂದರೆ ಆಡು ಬಿಡುವುದಿಲ್ಲ.

ಈ ಎರಡು ತಾಪತ್ರಯಕ್ಕೂ ಜಗ್ಗದ ಗಿಡವೊಂದು ನಿಮ್ಮೂರಿನಲ್ಲೇ ಇದೆ. ನಿತ್ಯಪುಷ್ಪ, ಸದಾಪುಷ್ಪ, ಕಾಶಿ ಕಣಗಿಲೆ ಎಂದು ಅದಕ್ಕೆ ಊರಿಗೊಂದು ಹೆಸರು. ಐದು ಎಸಳಿನ ಬಿಳಿ ಅಥವಾ ನಸುಗೆಂಪು ಹೂವು, ಹೊಳೆಯುವ ಎಲೆ. ಮೂಲ ಮಡಗಾಸ್ಕರ್ ದ್ವೀಪವಾದರೂ ಈಗ ನಮ್ಮದೇ ಆಗಿಹೋಗಿದೆ. ವರ್ಷವಿಡೀ ಹಸುರು, ವರ್ಷವಿಡೀ ಹೂವು. ಎಲೆ ಕಹಿಯಾದ್ದರಿಂದ ದನ, ಆಡು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ತಮಿಳರು ಇದನ್ನು ಸುಡುಗಾಡಿನ ಮಲ್ಲಿಗೆ ಎನ್ನುತ್ತಾರೆ. ಅದನ್ನು ಕೇಳಿ ಮನೆ ಮುಂದೆ ಬೇಡವೆನ್ನುವ ಹಿರಿಯರೂ ಉಂಟು. ಆದರೆ ಒಂದು ಕೊಡ ನೀರು ಹಾಕುವವರಿಲ್ಲದ ಜಾಗದಲ್ಲೂ ಬದುಕುತ್ತದೆ ಎನ್ನಲು ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕೆ?

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳಲ್ಲಿ ‘ಪೆರಿವಿಂಕಲ್’ ಎಂಬ ಗಿಡವನ್ನು ಮರದ ನೆರಳಿನಲ್ಲಿ ನೆಲ ಮುಚ್ಚಲು ಹಾಕಿ ಎಂದು ಬರೆದಿರುತ್ತದೆ. ಅದು ವಿಂಕಾ ಮೈನರ್, ಯೂರೋಪಿನ ಚಳಿ ಸೀಮೆಯ ನೀಲಿ ಹೂವಿನ ಬಳ್ಳಿ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹರಿಯುತ್ತದೆ. ನಮ್ಮದಕ್ಕೂ ಅದೇ ಇಂಗ್ಲಿಷ್ ಹೆಸರಿದ್ದರೂ ಜಾತಿ ಬೇರೆ. ಇದು ಹರಿಯುವುದಿಲ್ಲ, ಒಂದೂವರೆ ಎರಡು ಅಡಿ ಪೊದೆಯಾಗುತ್ತದೆ. ನೆರಳು ಒಲ್ಲದು, ಬಿಸಿಲು ಬೇಕು. ನನಗೆ ಪರಿಚಯದ ಒಬ್ಬ ತೋಟದ ಯಜಮಾನರು ಪುಸ್ತಕ ನಂಬಿ ಮಾವಿನ ಮರದಡಿ ಇನ್ನೂರು ಸಸಿ ನೆಟ್ಟರು. ಮಳೆಗಾಲದಲ್ಲಿ ನೀರು ನಿಂತು, ತುದಿಯಿಂದ ಕೊಳೆಯುತ್ತ ಬಂದು, ದಸರೆಯ ಹೊತ್ತಿಗೆ ಹತ್ತು ಗಿಡವೂ ಉಳಿಯಲಿಲ್ಲ. ನೀರು ನಿಲ್ಲುವ ಕಡೆ, ಬಚ್ಚಲ ನೀರು ಹರಿಯುವ ಕಡೆ ಇದನ್ನು ಹಾಕಲೇಬೇಡಿ.

ಹಾಗಾದರೆ ನೆಲ ಮುಚ್ಚುವುದು ಹೇಗೆ? ಒತ್ತಾಗಿ ನೆಟ್ಟು, ಚಿವುಟಿ. ಬೀಜ ಕರಿಸಾಸಿವೆಗಿಂತ ಸಣ್ಣದು. ಮರಳು ಬೆರೆಸಿ ಸಸಿಮಡಿಯಲ್ಲಿ ಎರಚಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಬೆಳಕು ತಾಗಿದರೆ ಸರಿಯಾಗಿ ಮೊಳೆಯುವುದಿಲ್ಲ. ಎರಡು ತಿಂಗಳ ಸಸಿಯನ್ನು ಅಡಿಗೊಂದರಂತೆ ನೆಟ್ಟು, ಬೇರೂರುವ ತನಕ ನೀರು ಕೊಡಿ. ಗೇಣುದ್ದ ಬಂದಾಗ ತುದಿ ಚಿವುಟಿದರೆ ಪಕ್ಕದ ಕವಲೊಡೆದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಅರ್ಧ ಅಡಿಗೆ ಕತ್ತರಿಸಿದರೆ ಮತ್ತೆ ಚಿಗುರು. ಗೊಬ್ಬರದ ಮಾತು ಬೇಡ. ಹೆಚ್ಚು ಕೊಟ್ಟರೆ ಬರೀ ಎಲೆ.

ಎಲೆ ಕಿರಿದಾಗಿ, ಹಳದಿ ತಿರುಗಿ, ಗಿಡ ಪೊರಕೆಯಂತಾದರೆ ಕೂಡಲೇ ಕಿತ್ತು ಸುಡಿ. ಬದನೆಗೆ, ಎಳ್ಳಿಗೆ ಬರುವ ಕಿರು ಎಲೆ ರೋಗ ಕೂಡ ಇದೇ ಬಳಗದ್ದು, ಜಿಗಿಹುಳು ಹರಡುತ್ತದೆ. ಹಿತ್ತಿಲಲ್ಲಿ ಬದನೆ ಇರುವವರು ಇದನ್ನು ಅಲಕ್ಷಿಸಕೂಡದು.

ಇನ್ನು ಹೊಲದ ಮಾತು. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು.

ನಾನು ಬಿ.ಎಸ್‌ಸಿ. ಮುಗಿಸಿ ಇಲಾಖೆ ಸೇರಿದ ಹೊಸದರಲ್ಲಿ ತಲೆ ತುಂಬ ಪುಸ್ತಕದ ಅಂಕಿಗಳಿದ್ದವು. ನಿತ್ಯಪುಷ್ಪದ ಬೇರಿನಲ್ಲಿ ಔಷಧಿ ಅಂಶವಿದೆ, ಎಲೆಯಲ್ಲಿ ಕ್ಯಾನ್ಸರಿನ ಮದ್ದಿದೆ, ಮಳೆಯಾಶ್ರಯದಲ್ಲೂ ಹೆಕ್ಟೇರಿಗೆ ಸುಮಾರು 750 ಕಿಲೋ ಒಣ ಬೇರು ಬರುತ್ತದೆ ಎಂದು ಓದಿದ್ದೆ. ಒಬ್ಬ ರೈತರು ನನ್ನ ಮಾತು ಕೇಳಿ ಶೇಂಗಾ ಬಿಟ್ಟು ಒಂದು ಎಕರೆಗೆ ಇದನ್ನೇ ಹಾಕಿದರು. ಬೆಳೆ ಚೆನ್ನಾಗಿಯೇ ಬಂತು. ಆದರೆ ಬೇರು ಕೀಳಲು ಹನ್ನೆರಡು ತಿಂಗಳು ಬೇಕು. ಎರಡೂ ಹಂಗಾಮು ಹೋಯಿತು. ಕೊಳ್ಳುತ್ತೇನೆಂದು ಬಾಯಿಮಾತಿನಲ್ಲಿ ಹೇಳಿದ್ದ ವ್ಯಾಪಾರಿ ಎರಡೂವರೆ ಕ್ವಿಂಟಾಲಿಗೆ ಗಾಡಿ ಕಳಿಸಲಾರೆ ಎಂದು ಬಿಟ್ಟ. ಅಟ್ಟದ ಮೇಲಿಟ್ಟ ಬೇರಿಗೆ ಮುಂದಿನ ಮಳೆಗಾಲದಲ್ಲಿ ಬೂಸಲು ಹಿಡಿಯಿತು. ಆ ರೈತರು ನನ್ನನ್ನು ಬೈಯಲಿಲ್ಲ, ಕೂರಿಸಿ ಮಜ್ಜಿಗೆ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಎಲೆಯ ಲೆಕ್ಕವೂ ಕೇಳಿ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕೆಂದು ಹೇಳುತ್ತಾರೆ. ಮದ್ದು ದುಬಾರಿಯೆಂದರೆ ಎಲೆಯೂ ದುಬಾರಿ ಎಂದು ಲೆಕ್ಕ ಹಾಕಿದ್ದೇ ನನ್ನ ತಪ್ಪು. ಕೊಳ್ಳುವವರು ದರ, ತೂಕ, ತಾರೀಖು ಬರೆದು ಸಹಿ ಹಾಕಿ ಕೊಡದಿದ್ದರೆ ಒಂದು ಗುಂಟೆಗೂ ಇದನ್ನು ಬೆಳೆಯಾಗಿ ಹಾಕಬೇಡಿ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಸಸಿ ಮಾರಲು ಬರುವವರು ‘ನಾವೇ ಕೊಳ್ಳುತ್ತೇವೆ’ ಎಂದರೆ ಸಸಿಯ ಹಣವನ್ನು ಕೊಯ್ಲಿನ ದಿನ ಕೊಡುತ್ತೇವೆ ಎಂದು ಹೇಳಿ ನೋಡಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಎದ್ದು ಇದರ ಎಲೆ, ಹೂವು ಅಗಿಯುವುದನ್ನು, ಕಷಾಯ ಕುಡಿಯುವುದನ್ನು ಹಳ್ಳಿಹಳ್ಳಿಯಲ್ಲೂ ಕಾಣುತ್ತೇನೆ. 1950ರ ದಶಕದಲ್ಲಿ ಜಮೈಕಾದಿಂದ ಬಂದ ಇದೇ ಎಲೆಯನ್ನು ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಸಕ್ಕರೆ ಕಾಯಿಲೆಗೆಂದೇ ಪರೀಕ್ಷಿಸಿದರು. ಇಲಿಗಳಿಗೆ ತಿನ್ನಿಸಿದಾಗ ಸಕ್ಕರೆ ಇಳಿಯಲಿಲ್ಲ. ಸಾರವನ್ನು ಚುಚ್ಚಿದಾಗ ಬಿಳಿ ರಕ್ತಕಣ ಕುಸಿದು, ಸೋಂಕು ತಗುಲಿ ಇಲಿಗಳು ಸತ್ತವು. ಅಲ್ಲಿಂದಲೇ ಕ್ಯಾನ್ಸರ್ ಮದ್ದಿನ ದಾರಿ ತೆರೆಯಿತು. ಈ ಗಿಡದಿಂದಲೇ ಬಂದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮದ್ದು. ವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತ ಪರೀಕ್ಷೆ ಮಾಡಿಸಿ ಕೊಡುವ ಅಂಥ ಮದ್ದಿನ ಗಿಡವನ್ನು ನಾವು ಹಿಡಿಗಟ್ಟಲೆ ಅರೆದು ಕುಡಿಯುವುದೇ? ಮಾತ್ರೆ ಬಿಟ್ಟು ಇದನ್ನು ನಂಬಿದವರ ಕಾಲಿನ ಹುಣ್ಣು ಬಲಿತದ್ದನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಹಾಗೆಯೇ ಮೇವು ಕೊಯ್ಯುವಾಗ ಇದರ ಸೊಪ್ಪು ಬೆರೆಯದಂತೆ ಮನೆಯವರಿಗೆ ಹೇಳಿ. ನಿಂತ ಗಿಡವನ್ನು ಮುಟ್ಟದ ಹಸು, ಕತ್ತರಿಸಿ ಹುಲ್ಲಿನಲ್ಲಿ ಬೆರೆಸಿದರೆ ತಿಂದೀತು.

ಅಟ್ಟದಲ್ಲಿ ಬೇರು ಕೊಳೆಯಿತೆಂದೆನಲ್ಲ, ಅದೇ ರೈತರ ಮನೆಯ ಮುಂದೆ ಉಳಿದ ಸಸಿಗಳನ್ನು ಅವರ ಸೊಸೆ ಜಗಲಿಯುದ್ದಕ್ಕೂ ನೆಟ್ಟಿದ್ದರು. ಮೊನ್ನೆ ಹೋದಾಗಲೂ ಅಲ್ಲಿ ಒಂದಂಗುಲ ನೆಲ ಕಾಣುತ್ತಿರಲಿಲ್ಲ. ತಾನೇ ಬಿದ್ದ ಬೀಜದ ಸಸಿಗಳು ಗೇಟಿನ ತನಕ ಬಂದಿವೆ. ಬೀಜಕ್ಕಾಗಿ ನೀವು ಅಂಗಡಿಗೆ ಹೋಗಬೇಕಾಗಿಲ್ಲ. ಜೋಡಿ ಕಾಯಿ ಹಸುರು ಕಳೆದು ಹಳದಿಯಾಗುವಾಗ, ಸಿಡಿಯುವ ಮೊದಲೇ ಕಿತ್ತು, ಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ. ನಿಮ್ಮ ಬೀದಿಯಲ್ಲೇ ಯಾರ ಮನೆಯಲ್ಲಾದರೂ ಸಿಕ್ಕೀತು, ಕೇಳಿ ತನ್ನಿ.