ಚೆಂಡು ಎಷ್ಟು ಸಲ ಕೈಗೆ ಬಂತು?

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹುಡುಗರು ಮೊಬೈಲಿನಲ್ಲಿ ಪಟ್ಟಿಯೊಂದನ್ನು ಓದುತ್ತಿದ್ದರು. ಒಂದೇ ವರ್ಷದಲ್ಲಿ ಅತಿ ಹೆಚ್ಚು ಏಕದಿನ ವಿಕೆಟ್ ಪಡೆದವರ ಪಟ್ಟಿ. “ಮ್ಯಾಲಿನ ಎಲ್ಡೂ ಸಕ್ಲೇನಂದೇ ಐತಲೇ. ನಮ್ ಕುಂಬ್ಳೆ ಎಂಟು ವಿಕೆಟ್ ಕಮ್ಮಿ” ಅಂದ ಒಬ್ಬ. ತೆಕ್ಕಲಕೋಟೆ ದಾಟಿದರೂ ಆ ಎಂಟು ವಿಕೆಟ್ ನನ್ನ ತಲೆಯಿಂದ ಇಳಿಯಲಿಲ್ಲ.

1997ರಲ್ಲಿ ಸಕ್ಲೇನ್ ಮುಷ್ತಾಕ್ 69, ಹಿಂದಿನ ವರ್ಷ ಅವರೇ 65. ಅದೇ 1996ರಲ್ಲಿ ಅನಿಲ್ ಕುಂಬ್ಳೆ 61. ಆದರೆ ಇದು ಯಾರ ವರ್ಷ? ದಸರೆಯ ಹೊತ್ತಿಗೆ ಶುರುವಾಗಿ ಬೇಸಿಗೆಗೆ ಮುಗಿಯುವ ನಮ್ಮ ಕ್ರಿಕೆಟ್ ಹಂಗಾಮನ್ನು ಜನವರಿ 1 ನಡುವೆ ಸೀಳುತ್ತದೆ. ಹಂಗಾಮನ್ನು ಹೀಗೆ ಸೀಳದ ಲೆಕ್ಕವೂ ಒಂದಿತ್ತು, ಕಂದಾಯದ ಫಸಲಿ ವರ್ಷ. 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿಯ ಕಂದಾಯ ಕಡತಗಳಲ್ಲಿ ವರ್ಷ ಹುಟ್ಟುತ್ತಿದ್ದುದು ಜುಲೈ 1ಕ್ಕೆ. ಮುಂಗಾರು, ಕೊಯ್ಲು, ಕಂದಾಯ ಎಲ್ಲವೂ ಒಂದೇ ವರ್ಷದೊಳಗೆ. ಆ ಲೆಕ್ಕ ಹಿಡಿದರೆ 1996ರ ವಿಶ್ವಕಪ್ 1405ನೇ ಫಸಲಿಗೆ, ನವೆಂಬರ್ 6ಕ್ಕೆ ಮುಗಿದ ಟೈಟನ್ ಕಪ್ 1406ಕ್ಕೆ. ಯುಗಾದಿಯಿಂದ ಎಣಿಸಿದರೆ ಇನ್ನೂ ಸ್ವಾರಸ್ಯ. ಲಾಹೋರಿನ ಫೈನಲ್ ಮಾರ್ಚ್ 17ಕ್ಕೆ, ಯುಗಾದಿ 20ಕ್ಕೆ. ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಕುಂಬ್ಳೆ ಪಡೆದ 15 ವಿಕೆಟ್ ಯುವ ಸಂವತ್ಸರದ ಖಾತೆಗೆ, ಟೈಟನ್ ಕಪ್ಪಿನವು ಧಾತು ಸಂವತ್ಸರಕ್ಕೆ. ಗೆರೆ ಸರಿಸಿದಂತೆಲ್ಲ ಮೊತ್ತ ಒಡೆದು ಬೇರೆಯಾಗುತ್ತದೆ.

ಹೀಗೆ ವರ್ಷವನ್ನು ಅತ್ತಿತ್ತ ಎಳೆದಾಡುತ್ತಿದ್ದಾಗ ಕಾಡತೊಡಗಿದ ಸಂಗತಿಯೇ ಬೇರೆ. ಸಕ್ಲೇನರ 69 ಬಂದದ್ದು 36 ಪಂದ್ಯಗಳಲ್ಲಿ, ಕುಂಬ್ಳೆಯ 61 ಬಂದದ್ದು 32ರಲ್ಲಿ. ಪಂದ್ಯಕ್ಕೆ 1.92 ಮತ್ತು 1.91. ಹುಡುಗ ಹೇಳಿದ ಎಂಟು ವಿಕೆಟ್ ಅಂದರೆ ನಾಲ್ಕು ಪಂದ್ಯ, ಅಷ್ಟೇ. (1996ರ ಸಕ್ಲೇನ್ ಮಾತ್ರ ಹೀಗೆ ನೋಡಿದರೂ ತುಸು ಮುಂದೆ: 33 ಪಂದ್ಯ, 65 ವಿಕೆಟ್.) ಪಂದ್ಯಗಳ ಕಾಲಂ ಕಿತ್ತುಹಾಕಿ ವಿಕೆಟ್ಟನ್ನಷ್ಟೇ ತೋರಿಸುವ ಚಾಳಿಯನ್ನು ನಾನು ಸಹಿಸಲಾರೆ. ಎಕರೆ ಹೇಳದೆ ಇಷ್ಟು ಚೀಲ ನೆಲ್ಲು ಬಂತು ಅಂದರೆ ಸಿರುಗುಪ್ಪದ ಯಾವ ರೈತ ಒಪ್ಪುತ್ತಾನೆ?

ಯಾರ ಕೈಗೆ ಎಷ್ಟು ಸಲ ಚೆಂಡು ಬಂತು ಎಂದು ಮೊದಲು ಕೇಳಬೇಕು. ಟೆಸ್ಟಿನಲ್ಲಿ 242 ವಿಕೆಟ್ ಪಡೆದ ಬಿ.ಎಸ್. ಚಂದ್ರಶೇಖರ್ ಆಡಿದ್ದು ಒಂದೇ ಏಕದಿನ ಪಂದ್ಯ, 1976ರಲ್ಲಿ, ನ್ಯೂಜಿಲೆಂಡ್ ಎದುರು. 36 ರನ್ನಿಗೆ 3 ವಿಕೆಟ್ ಕಿತ್ತರು. ಮತ್ತೆ ಅವಕಾಶವಿಲ್ಲ. 189 ಟೆಸ್ಟ್ ವಿಕೆಟ್ಟುಗಳ ಇ.ಎ.ಎಸ್. ಪ್ರಸನ್ನ ಒಂದೂ ಆಡಲಿಲ್ಲ. ಇವರ ಹೆಸರು ಯಾವ ವರ್ಷದ ಪಟ್ಟಿಗೆ ತಾನೇ ಬಂದೀತು? 2017ರ ಮಹಿಳಾ ವಿಶ್ವಕಪ್ಪಿನಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್‌ಗೆ ಆಡಲು ಕರೆ ಬಂದದ್ದು ಲೀಗ್ ಹಂತದ ಕೊನೆಯ ಪಂದ್ಯಕ್ಕೆ. ಡರ್ಬಿಯಲ್ಲಿ ನ್ಯೂಜಿಲೆಂಡ್ 79ಕ್ಕೆ ಆಲೌಟ್, ರಾಜೇಶ್ವರಿಗೆ 15 ರನ್ನಿಗೆ 5 ವಿಕೆಟ್.

ಸಿರುಗುಪ್ಪದ ಕಡೆ ತುಂಗಭದ್ರಾ ಕಾಲುವೆಯಲ್ಲಿ ನೀರಿರುವಷ್ಟು ದಿನ ಎಲ್ಲೆಲ್ಲೂ ಗದ್ದೆ. ಎರಡನೇ ಬೆಳೆ ಕೊಯ್ದ ಮೇಲೆ ಹುಡುಗರು ಕೂಳೆ ಸವರಿ, ನೀರು ಚಿಮುಕಿಸಿ, ತುಳಿದು ತುಳಿದು ಪಿಚ್ ಮಾಡಿಕೊಳ್ಳುತ್ತಾರೆ. ಕಾಲುವೆಗೆ ಮತ್ತೆ ನೀರು ಬಿಟ್ಟರೆ ಆಟ ಮುಗಿಯಿತು. ಫಸಲಿ ವರ್ಷ ಹುಟ್ಟುವ ಹೊತ್ತಿಗೆ ಅವರ ಕ್ರಿಕೆಟ್ ವರ್ಷ ತೀರುತ್ತದೆ. ಕುರುಗೋಡಿನ ಎರೆ ಹೊಲದಲ್ಲಿ ಒಂದು ಹದ ಮಳೆ ಬಿದ್ದರೂ ಸಾಕು, ರನ್‌ಅಪ್ ಹೂತುಹೋಗುತ್ತದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಪಿಇ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಶಾಲೆಯ ಒಳ್ಳೆಯ ಬೌಲರ್, ಹುಡುಗನಾಗಲಿ ಹುಡುಗಿಯಾಗಲಿ, ಕಳೆದ ವರ್ಷ ಎಷ್ಟು ಪೂರ್ತಿ ಪಂದ್ಯ ಆಡಿದರು, ಎಷ್ಟು ಓವರ್ ಹಾಕಿದರು ಎಂದು ಬರೆದು ಕಳಿಸಿ. ವಿಕೆಟ್ಟಿನ ಲೆಕ್ಕ ಆಮೇಲೆ ಕೊಟ್ಟರಾಯಿತು.