ಕುಂಡಕ್ಕಿಳಿದ ಮರುಭೂಮಿ: ಅಪರೂಪದ ಕಳ್ಳಿಯ ವ್ಯಾಮೋಹಕ್ಕೆ ಬೆಲೆ ತೆರುವವರು ಯಾರು?

ಮಲೆನಾಡಿನ ಮನೆಗಳ ಜಗಲಿಯಂಚಿನಲ್ಲಿ ಡೇಲಿಯಾ, ದಾಸವಾಳ, ಬ್ರಹ್ಮಕಮಲಗಳಿರುತ್ತಿದ್ದ ಜಾಗವನ್ನು ಈಗ ಅಂಗೈಯಗಲದ ಕುಂಡಗಳಲ್ಲಿ ಕುಳಿತ ಕಳ್ಳಿಗಳು ಆಕ್ರಮಿಸತೊಡಗಿವೆ. ಹೋಂಸ್ಟೇಗಳ ಮೆಟ್ಟಿಲುಗಳ ಮೇಲೆ, ಕಾಲೇಜು ಹಾಸ್ಟೆಲುಗಳ ಕಿಟಕಿಗಳಲ್ಲಿ ಅವೇ ಕಾಣುತ್ತವೆ. ಗಿಡ ಬೆಳೆಸುವ ಹವ್ಯಾಸವನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆಕ್ಷೇಪಿಸಬೇಕಾದದ್ದು ಆ ಹವ್ಯಾಸದೊಳಗೆ ಸದ್ದಿಲ್ಲದೆ ನುಸುಳಿರುವ 'ಅಪರೂಪ' ಎಂಬ ಒಂದು ಪದವನ್ನು. ಯಾವ ಗಿಡ ಅಪರೂಪವೋ ಅದಕ್ಕೆ ಬೆಲೆ ಹೆಚ್ಚು. ಬೆಲೆ ಹೆಚ್ಚಿದಷ್ಟೂ ಅದನ್ನು ಹುಟ್ಟಿದ ನೆಲದಿಂದ ಕೀಳುವ ಕೈಗಳು ಹೆಚ್ಚು. ಕೀಳುವ ಕೈಗಳು ಹೆಚ್ಚಿದಷ್ಟೂ ಅದು ಇನ್ನಷ್ಟು ಅಪರೂಪ. ಈ ವಿಷವರ್ತುಲದ ಒಂದು ತುದಿ ಚಿಲಿ ದೇಶದ ಮರುಭೂಮಿಯಲ್ಲಿದ್ದರೆ ಇನ್ನೊಂದು ತುದಿ ಯಾರದೋ ಮನೆಯ ಜಗಲಿಯಲ್ಲಿದೆ.

ಉತ್ಪ್ರೇಕ್ಷೆಯೆಂದು ತೋರಿದರೆ ಒಂದು ಘಟನೆಯನ್ನು ಗಮನಿಸಬಹುದು. 2020ರ ಫೆಬ್ರವರಿಯಲ್ಲಿ ಇಟಲಿಯ ಸೆನಿಗಾಲಿಯಾ ಪಟ್ಟಣದಲ್ಲಿ ಪೊಲೀಸರು ಒಬ್ಬ ಸಂಗ್ರಾಹಕನ ಮನೆಯಿಂದ ಸಾವಿರಕ್ಕೂ ಹೆಚ್ಚು ಕಳ್ಳಿಗಳನ್ನು ವಶಪಡಿಸಿಕೊಂಡರು. ಬಹುಪಾಲು ಕೊಪಿಯಾಪೋವಾ ಕುಲದವು. ಎಲ್ಲವೂ ಚಿಲಿಯ ಅಟಕಾಮಾ ಮರುಭೂಮಿಯಿಂದ ಕಿತ್ತು ತಂದವು. ಮಳೆಯೇ ಬೀಳದ ಆ ಕರಾವಳಿಯಲ್ಲಿ, ಸಾಗರದಿಂದ ಏರಿಬರುವ ಮಂಜಿನ ಹನಿಯನ್ನೇ ಕುಡಿದು, ಕೆಲವು ಗಿಡಗಳು ನೂರು ವರ್ಷಕ್ಕೂ ಮಿಕ್ಕಿ ಬದುಕಿದ್ದವು. ಬದುಕುಳಿದವುಗಳಲ್ಲಿ 844 ಗಿಡಗಳು 2021ರಲ್ಲಿ ಚಿಲಿಗೆ ಮರಳಿದವು. ಸಿಕ್ಕಿಬಿದ್ದ ಒಂದು ಮನೆಯ ಲೆಕ್ಕ ಇದು. ಸಿಕ್ಕಿಬೀಳದ ಮನೆಗಳ ಲೆಕ್ಕ ಇಟ್ಟವರಿಲ್ಲ.

2015ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು 1,478 ಕಳ್ಳಿ ಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇಕಡ 31ರಷ್ಟು ಅಳಿವಿನ ಅಂಚಿನಲ್ಲಿವೆಯೆಂದು ತಿಳಿಸಿತು. ಅಪಾಯದಲ್ಲಿರುವವುಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ತಟ್ಟಿರುವ ಪೆಟ್ಟು ಅಲಂಕಾರಿಕ ಗಿಡಗಳ ವ್ಯಾಪಾರ ಹಾಗೂ ಖಾಸಗಿ ಸಂಗ್ರಹಗಳಿಂದ ಬಂದದ್ದು. ಅಂದರೆ ಪ್ರೀತಿಯ ಹೆಸರಿನಲ್ಲಿ ಬಂದದ್ದು!

ಮಲೆನಾಡಿಗರಿಗೆ ಈ ಕಥೆ ಹೊಸತಲ್ಲ. ಹಳೆಯ ಮರಗಳ ಕೊಂಬೆಗಳಲ್ಲಿ ತೂಗುತ್ತಿದ್ದ ಸೀತಾಳೆ ದಂಡೆಯನ್ನು ಬೇರುಸಹಿತ ಕಿತ್ತು ಪೇಟೆಗೆ ಸಾಗಿಸಿದವರನ್ನು ಘಟ್ಟದ ಜನ ಕಂಡಿದ್ದಾರೆ. ಆಗ ಕೋಪಗೊಂಡ ಜನವೇ ಮೆಕ್ಸಿಕೋದ ಹಳ್ಳಿಗಾಡಿನಿಂದ ಅದೇ ರೀತಿ ಕದ್ದುತಂದ ಗಿಡವನ್ನು ಹೆಮ್ಮೆಯಿಂದ ಅತಿಥಿಗಳಿಗೆ ತೋರಿಸುವುದು ಯಾವ ನ್ಯಾಯ? ಚಿನ್ನದ ಬಣ್ಣದ ಮುಳ್ಳುಗಳಿಂದ ಎಲ್ಲರಿಗೂ ಪರಿಚಿತವಾದ ಗುಂಡುಕಳ್ಳಿ 'ಗೋಲ್ಡನ್ ಬ್ಯಾರೆಲ್' ನರ್ಸರಿಗಳಲ್ಲಿ ಲಕ್ಷಗಟ್ಟಲೆ ಇದೆ. ಆದರೆ ಮೆಕ್ಸಿಕೋದಲ್ಲಿ ಅದು ಸಹಜವಾಗಿ ಬೆಳೆಯುತ್ತಿದ್ದ ಕಣಿವೆಯ ಒಂದು ಭಾಗ 1990ರ ದಶಕದಲ್ಲಿ ಸಿಮಪಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಲಿಂಗನಮಕ್ಕಿಯ ಹಿನ್ನೀರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಳುಗದೆ ಉಳಿದ ಗಿಡಗಳಿಗೂ ಕಳ್ಳರ ಕಾಟ ತಪ್ಪಿಲ್ಲ.

ಇಷ್ಟಾಗಿ, ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದೇನೆಂಬುದೇ ತಿಳಿದಿರುವುದಿಲ್ಲ. ಕನ್ನಡದಲ್ಲಿ ಮುಳ್ಳಿರುವ ದಪ್ಪಕಾಂಡದ ಗಿಡವೆಲ್ಲ 'ಕಳ್ಳಿ'ಯೇ. ಬೇಲಿಯ ಎಲೆಗಳ್ಳಿ ಯೂಫೋರ್ಬಿಯಾ ಕುಲದ್ದು, ಈ ನೆಲದ್ದೇ. ಕ್ಯಾಕ್ಟಸ್ ಕುಟುಂಬವಾದರೋ, ರಿಪ್ಸಾಲಿಸ್ ಕುಲದ ಒಂದು ಪ್ರಭೇದವನ್ನು ಬಿಟ್ಟರೆ, ಸಂಪೂರ್ಣವಾಗಿ ಅಮೆರಿಕ ಖಂಡಗಳದ್ದು. ಎರಡನ್ನೂ ಬೇರ್ಪಡಿಸಲು ಮುಳ್ಳಿನ ಬುಡವನ್ನು ನೋಡಬೇಕು. ಕ್ಯಾಕ್ಟಸ್ಸಿನಲ್ಲಿ ಮುಳ್ಳುಗಳು ಹತ್ತಿಯಂತಹ ಸಣ್ಣ ಮೆತ್ತೆಯೊಂದರಿಂದ ಹೊರಡುತ್ತವೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ 'ಏರಿಯೋಲ್' ಎಂದು ಹೆಸರು. ಹೂವೂ ಹೊಸ ಕವಲೂ ಸಾಮಾನ್ಯವಾಗಿ ಅಲ್ಲಿಂದಲೇ ಮೂಡುತ್ತವೆ. ಯೂಫೋರ್ಬಿಯಾದಲ್ಲಿ ಆ ಮೆತ್ತೆ ಇಲ್ಲ. ಅದರ ಮುಳ್ಳುಗಳು ಹೆಚ್ಚಾಗಿ ಜೋಡಿಯಾಗಿರುತ್ತವೆ. ಗೀರಿದರೆ ಹಾಲು ಸುರಿಯುತ್ತದೆ, ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಹಾಲೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ, ಏಕೆಂದರೆ ಮ್ಯಾಮಿಲೇರಿಯಾ ಎಂಬ ಕ್ಯಾಕ್ಟಸ್ ಕುಲದ ಕೆಲವು ಪ್ರಭೇದಗಳಲ್ಲಿಯೂ ಹಾಲಿದೆ.

ಪೇಟೆಯಲ್ಲಿ ಕೆಂಪು ಹಳದಿ ಗುಂಡುಗಳನ್ನು ಹಸಿರು ಕಾಂಡದ ಮೇಲೆ ಕೂರಿಸಿ 'ಅಪರೂಪದ ತಳಿ'ಯೆಂದು ಮಾರುತ್ತಾರೆ. ಅದು ಅಪರೂಪವೂ ಅಲ್ಲ, ಒಂದು ಗಿಡವೂ ಅಲ್ಲ. ಮೇಲಿರುವುದು ಪತ್ರಹರಿತ್ತನ್ನು ಕಳೆದುಕೊಂಡ ಜಿಮ್ನೋಕ್ಯಾಲಿಸಿಯಂ. ಕೆಳಗಿರುವುದು ಅದಕ್ಕೆ ಅನ್ನ ಉಣಿಸುವ, ಡ್ರ್ಯಾಗನ್ ಹಣ್ಣಿನ ಜಾತಿಯ ಕಾಂಡ. ಕೆಲವು ವರ್ಷಗಳಲ್ಲಿ ಈ ಕಸಿ ಸೋಲುವುದೇ ಹೆಚ್ಚು. ಒಣಹೂವನ್ನು ಅಂಟಿನಿಂದ ಮೆತ್ತಿ 'ಸದಾ ಹೂ ಬಿಡುವ ಕಳ್ಳಿ'ಯೆನ್ನುವವರೂ ಇದ್ದಾರೆ. ಇವು ಮೋಸಗಳೇ, ಆದರೂ ಇವುಗಳಿಂದ ಯಾವ ಬೆಟ್ಟವೂ ಬರಿದಾಗಲಿಲ್ಲ ಎಂಬ ಸಮಾಧಾನವಾದರೂ ಇದೆ.

ಬೆಟ್ಟ ಬರಿದಾಗುವುದು ಮತ್ತೊಂದು ಬಗೆಯ ಗಿಡಗಳಿಂದ. ಕಲ್ಲಿನಂತೆಯೇ ಕಾಣುವ ಮುಳ್ಳಿಲ್ಲದ ಏರಿಯೋಕಾರ್ಪಸ್, ಸಣ್ಣ ಟರ್ಬಿನಿಕಾರ್ಪಸ್, ಬೂದಿ ಬಳಿದಂತಿರುವ ಕೊಪಿಯಾಪೋವಾ, ಇವು ಸಂಗ್ರಾಹಕರ ಕಣ್ಣು ಕುಕ್ಕುವವು. ಏರಿಯೋಕಾರ್ಪಸ್ ಬೀಜದಿಂದ ಬೆಳೆದು ಹೂ ಬಿಡಲು ಹತ್ತಾರು ವರ್ಷ ಬೇಕಾದೀತು. ಕಾಯಲಾರದವನು ಕಿತ್ತದ್ದನ್ನು ಕೊಳ್ಳುತ್ತಾನೆ. ಕಿತ್ತ ಗಿಡದ ಗುರುತುಗಳನ್ನು ವಿದ್ಯಾರ್ಥಿಗಳು ತಿಳಿದಿರಬೇಕು: ಬುಡದಲ್ಲಿ ತೊಗಟೆಗಟ್ಟಿದ ಒರಟು ಮೈ, ಒಂದು ಮಗ್ಗುಲಿಗೆ ಬಿಸಿಲು ಸುಟ್ಟ ಕಲೆ, ಪ್ರಾಣಿ ಕಚ್ಚಿದ ಹಳೆಯ ಗಾಯ, ಸವೆದ ಮುಳ್ಳು, ಕತ್ತರಿಸಿದ ಮುಖ್ಯಬೇರು, ಒಂದಕ್ಕೊಂದು ಹೋಲದ ಗಾತ್ರ. ನರ್ಸರಿಯ ಗಿಡಗಳೋ ಒಂದೇ ತಾಯಿಯ ಮಕ್ಕಳಂತೆ ಸಮನಾಗಿ, ನುಣುಪಾಗಿರುತ್ತವೆ. ವಿಪರ್ಯಾಸವೆಂದರೆ ಆ ಗಾಯದ ಕಲೆಗಳನ್ನೇ 'ಗಾಂಭೀರ್ಯ'ವೆಂದು ಬಣ್ಣಿಸಿ ಮಾರಾಟಗಾರ ಹೆಚ್ಚು ಹಣ ಕೇಳುತ್ತಾನೆ.

ಕಾನೂನು ಇಲ್ಲವೆಂದಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ 'ಸೈಟಿಸ್' ಒಪ್ಪಂದ 1975ರಿಂದ ಜಾರಿಯಲ್ಲಿದೆ. ಭಾರತ 1976ರಲ್ಲಿ ಅದನ್ನು ಸೇರಿತು. ಬೆರಳೆಣಿಕೆಯ ಕುಲಗಳನ್ನು ಬಿಟ್ಟು ಇಡೀ ಕ್ಯಾಕ್ಟಸ್ ಕುಟುಂಬ ಅದರ ಪಟ್ಟಿಗಳಲ್ಲಿದೆ. ಏರಿಯೋಕಾರ್ಪಸ್, ಟರ್ಬಿನಿಕಾರ್ಪಸ್‌ಗಳು ಅತ್ಯಂತ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯ ಮೂಲಕ ಈ ಪಟ್ಟಿಗಳು ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೂ ಬಂದಿವೆ. ಆದರೆ ಅಂಚೆಯ ಪೊಟ್ಟಣದಲ್ಲಿ ಕಾಗದ ಸುತ್ತಿ ಬರುವ, ಬೇರಿಲ್ಲದ, ಈರುಳ್ಳಿಯಂತೆ ಕಾಣುವ ಗಿಡವನ್ನು ಗುರುತಿಸಬಲ್ಲ ಅಧಿಕಾರಿಗಳು ಎಷ್ಟು ಮಂದಿ? ಕಾಯ್ದೆ ಸೋಲುವಲ್ಲಿ ಗ್ರಾಹಕನ ನಿರಾಕರಣೆ ಮಾತ್ರ ಗೆಲ್ಲಬಲ್ಲದು.

ಸಂಗ್ರಾಹಕರು ಒಂದು ವಾದ ಹೂಡುತ್ತಾರೆ: ಆವಾಸವೇ ನಾಶವಾಗುತ್ತಿರುವಾಗ ಗಿಡವನ್ನು ಕುಂಡದಲ್ಲಾದರೂ ಉಳಿಸುವುದು ಪುಣ್ಯಕಾರ್ಯವಲ್ಲವೇ? ಅಲ್ಲ. ಎಲ್ಲಿಂದ ಬಂತೆಂಬ ದಾಖಲೆಯಿಲ್ಲದ, ಪರಾಗ ನೀಡಲು ಜೊತೆಗಾರನಿಲ್ಲದ ಒಂಟಿ ಗಿಡ ಸಂರಕ್ಷಣೆಯ ಲೆಕ್ಕಕ್ಕೆ ಬರುವುದಿಲ್ಲ. ಅದು ಸತ್ತಿದೆ, ಒಣಗಿಲ್ಲ ಅಷ್ಟೆ. ಮೇಲಾಗಿ ಘಟ್ಟದಲ್ಲಿ ಅದು ಬಹುಕಾಲ ಹಸಿರಾಗಿಯೂ ಉಳಿಯದು. ಆಗುಂಬೆಯಂತಹ ಊರಿನಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ. ಆರಿದ್ರಾದಿಂದ ಹಸ್ತದವರೆಗೆ ಗೋಡೆಯೇ ಬೆವರುವ ಕಾಲದಲ್ಲಿ ಅಟಕಾಮಾದ ಗಿಡ ಬುಡದಿಂದ ಕೊಳೆಯುತ್ತದೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೋರಾ ಕುಲದ ಒಂದು ಪ್ರಭೇದಕ್ಕೆ 'ಕ್ಯಾಕ್ಟೋರಮ್' ಎಂಬ ಹೆಸರಿದೆ. ಅದನ್ನು 1870ರಲ್ಲಿ ಮೊದಲು ಗುರುತಿಸಿದ್ದೇ ಕೊಳೆಯುತ್ತಿದ್ದ ಕ್ಯಾಕ್ಟಸ್ಸಿನಲ್ಲಿ.

ಹಾಗಿದ್ದರೆ ಕಳ್ಳಿ ಬೆಳೆಸುವುದೇ ಬೇಡವೇ? ಬೇಕೆನ್ನುವವರು ಬೀಜದಿಂದಲೋ ಕಡ್ಡಿಯಿಂದಲೋ ಬೆಳೆಸಿದ್ದನ್ನೇ ಬೆಳೆಸಲಿ. ಮ್ಯಾಮಿಲೇರಿಯಾ, ಜಿಮ್ನೋಕ್ಯಾಲಿಸಿಯಂ, ಗೋಲ್ಡನ್ ಬ್ಯಾರೆಲ್‌ಗಳು ಬೀಜದಿಂದ ಸುಲಭವಾಗಿ ಬರುತ್ತವೆ. ಕಾಲಿಂಪಾಂಗ್‌ನಂತಹ ಮಳೆಯ ಬೆಟ್ಟದ ಊರಿನ ನರ್ಸರಿಗಳೇ ಮಾಡಿನ ಕೆಳಗೆ ದಶಕಗಳಿಂದ ಕಳ್ಳಿ ಬೆಳೆಸಿವೆ. ಮಣ್ಣಿನ ಕುಂಡ, ಅದರಲ್ಲಿ ಅರ್ಧಕ್ಕೂ ಹೆಚ್ಚು ಜಂಬಿಟ್ಟಿಗೆಯ ಹರಳು, ಸ್ವಲ್ಪ ಇದ್ದಿಲ ಚೂರು, ಉಳಿದದ್ದು ಚೆನ್ನಾಗಿ ಕಳಿತ ಎಲೆಗೊಬ್ಬರ. ಇದಕ್ಕಾಗಿ ಹೊಳೆಯ ಮರಳು ತರುವ ಅಗತ್ಯವಿಲ್ಲ. ಹೊಳೆಗಳು ಕಳೆದುಕೊಂಡ ಮರಳು ಸಾಕು. ಹಸಿ ಸಗಣಿಗೊಬ್ಬರ ಕೂಡದು. ಮಳೆಗಾಲದಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹಾಳೆಯ ಮನೆಯ ಮೂಲೆ ಇವುಗಳಿಗೆ ಪ್ರಶಸ್ತ: ಬೆಳಕಿದೆ, ಗಾಳಿಯಿದೆ, ಹನಿ ಬೀಳದು. ಆ ತಿಂಗಳುಗಳಲ್ಲಿ ನೀರು ಬಹುತೇಕ ಬೇಡ. ಬೇಸಿಗೆಯಲ್ಲಿ ಕುಂಡ ಪೂರ್ಣ ಒಣಗಿದ ಮೇಲಷ್ಟೇ ನೀರು, ಅದೂ ತಳದಿಂದ ಹರಿದು ಹೋಗುವಷ್ಟು. ಬುಡ ಮೆತ್ತಗಾದರೆ ಔಷಧಿಗಾಗಿ ಓಡದೆ, ಕಲೆಯಿಲ್ಲದ ತಿರುಳು ಕಾಣುವವರೆಗೆ ಶುಚಿಯಾದ ಚಾಕುವಿನಿಂದ ಕತ್ತರಿಸಿ, ನೆರಳಿನಲ್ಲಿ ಎರಡು ವಾರ ಒಣಗಿಸಿ ಮರುನಾಟಿ ಮಾಡಬೇಕು. ಗಿಡ ಕಾರಣವಿಲ್ಲದೆ ಸೊರಗಿದರೆ ಬೇರು ಬಿಚ್ಚಿ ನೋಡಬೇಕು; ಕಾಳುಮೆಣಸಿನ ಬೆಳೆಗಾರರು ಬಲ್ಲ ಬಿಳಿಯ ಹಿಟ್ಟುತಿಗಣೆಯಂಥದೇ ಕೀಟ ಅಲ್ಲಿರಬಹುದು.

ಸಾಯುತ್ತಿರುವ ಅಥವಾ ಬೇಡವಾದ ಕಳ್ಳಿಯನ್ನು ಗುಡ್ಡಕ್ಕೆ ಎಸೆಯುವ ಅಭ್ಯಾಸವಂತೂ ಅಪರಾಧವೇ ಸರಿ. ಪಾಪಾಸುಕಳ್ಳಿಯ ಇತಿಹಾಸ ಕಣ್ಣ ಮುಂದಿದೆ. ಕೆಂಪು ಬಣ್ಣ ಕೊಡುವ ಕೀಟವನ್ನು ಸಾಕಲು ಬ್ರಿಟಿಷರು ಆ ಗಿಡಗಳನ್ನು ಪೋಷಿಸಿದರು. 1795ರಲ್ಲಿ ಬ್ರೆಜಿಲ್‌ನಿಂದ ಬಂದ ಕೀಟ ಬಯಸಿದ ಜಾತಿಯದಾಗಿರಲಿಲ್ಲ. ಬಣ್ಣದ ಉದ್ಯಮ ನೆಲಕಚ್ಚಿತು, ಕಳ್ಳಿ ಮಾತ್ರ ಬಯಲುಸೀಮೆಯ ಹೊಲ ಗೋಮಾಳಗಳನ್ನು ನುಂಗಿತು. ಕೊನೆಗೆ 1926ರಲ್ಲಿ ಮತ್ತೊಂದು ಕೀಟವನ್ನು ಸಿಂಹಳದಿಂದ ತಂದು ಬಿಡಬೇಕಾಯಿತು.

ಇನ್ನು ಬ್ರಹ್ಮಕಮಲದ ವಿಚಾರ. ಮಧ್ಯರಾತ್ರಿ ಅರಳುವ ಆ ಹೂವಿಗಾಗಿ ನೆರೆಹೊರೆಯವರನ್ನೆಲ್ಲ ಕರೆದು ಕೂರಿಸುವ ಮನೆಗಳಲ್ಲಿ ಎಷ್ಟೋ ಮಂದಿಗೆ ಅದೊಂದು ಕ್ಯಾಕ್ಟಸ್ ಎಂಬುದು ತಿಳಿದಿಲ್ಲ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ಇದು ಎಪಿಫಿಲಮ್, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ತೇವದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವಂಥದು. ಆದ್ದರಿಂದಲೇ ಅದಕ್ಕೆ ಮಲೆನಾಡಿನ ಮಳೆ ಒಗ್ಗಿದೆ. ಬ್ರೆಜಿಲ್‌ನ ಕರಾವಳಿ ಬೆಟ್ಟಗಳ ಕಾಡಿನಿಂದ ಬಂದ ಶ್ಲುಂಬರ್ಗೆರಾ ಸಹ ಇಂಥದೇ. ಚಳಿಗಾಲದಲ್ಲಿ ಎಲೆಯಂತಹ ಕಾಂಡದ ತುದಿಗೆ ಗುಲಾಬಿ ಹೂ ತೂಗಿಸುತ್ತದೆ. ಎರಡಕ್ಕೂ ಬೇಕಾದದ್ದು ಮರದ ನೆರಳು, ಎಲೆಗೊಬ್ಬರ ಬೆರೆತ ಸಡಿಲ ಮಣ್ಣು, ನೀರು ನಿಲ್ಲದ ಬುಡ. ಎರಡನ್ನೂ ದುಡ್ಡು ಕೊಟ್ಟು ತರಬೇಕಾಗಿಲ್ಲ. ಪಕ್ಕದ ಮನೆಯಲ್ಲಿ ಕೇಳಿದರೆ ಒಂದು ಗೇಣುದ್ದದ ತುಂಡು ಸಿಗುತ್ತದೆ. ನಾಲ್ಕು ದಿನ ಒಣಗಿಸಿ ನೆಟ್ಟರೆ ಮಳೆಗಾಲಕ್ಕೆ ಮುಂಚೆ ಬೇರು ಹಿಡಿಯುತ್ತದೆ.