ಬೆಟ್ಟಕ್ಕೆ ಹೊರಡುವ ಮುನ್ನ ಬಾನೆಟ್ ಎತ್ತಿ ನೋಡಿ

ಅಮಾವಾಸ್ಯೆ, ಶಿವರಾತ್ರಿ, ಯುಗಾದಿ ಬಂತೆಂದರೆ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುವ ಕಾರುಗಳ ಸಾಲು ಕಡಿಯುವುದೇ ಇಲ್ಲ. ಯಳಂದೂರಿನಿಂದ ಗುಂಬಳ್ಳಿ ಚೆಕ್‌ಪೋಸ್ಟ್ ಮೂಲಕ ಬಿಳಿಗಿರಿರಂಗನ ಬೆಟ್ಟ ಹತ್ತುವವರೂ ಕಡಿಮೆಯಿಲ್ಲ. ಎರಡೂ ಕಾಡಿನ ದಾರಿಗಳು: ಒಂದು ಕಡೆ 2013ರಲ್ಲಿ ಘೋಷಣೆಯಾದ ವನ್ಯಜೀವಿಧಾಮ, ಇನ್ನೊಂದು ಕಡೆ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಆನೆ ಓಡಾಡುವ ಇಂಥ ಜಾಗದಲ್ಲಿ ಕಾರು ಸ್ಟಾರ್ಟ್ ಆಗದೆ ನಿಂತರೆ ಮಕ್ಕಳು, ವಯಸ್ಸಾದವರನ್ನು ಕಟ್ಟಿಕೊಂಡು ಅಪಾಯದಲ್ಲಿ ಸಿಕ್ಕಿಕೊಂಡ ಹಾಗೆ. ಆದರೂ ಅದನ್ನು ಗ್ರಹಚಾರವೆಂದು ಒಪ್ಪಿಕೊಂಡು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗುವುದು ತಪ್ಪು. ಕಾರು ಸ್ಟಾರ್ಟ್ ಆಗದಿರಲು ಸಾಮಾನ್ಯ ಕಾರಣಗಳು ಬೆರಳೆಣಿಕೆಯಷ್ಟು. ಹೆಚ್ಚಿನವು ಮೊದಲೇ ಸುಳಿವು ಕೊಡುತ್ತವೆ. ಆ ಸುಳಿವು ಹಿಡಿಯುವುದನ್ನು ಸ್ಟಿಯರಿಂಗ್ ಹಿಡಿಯುವುದರ ಜೊತೆಗೇ ಕಲಿಸಬೇಕು.

ಮೊದಲು ಕಿವಿಗೊಟ್ಟು ಕೇಳಬೇಕು. ಸೆಲ್ಫ್ ಹೊಡೆದಾಗ ಟಿಕ್ ಟಿಕ್ ಟಿಕ್ ಎಂದು ಬಿಡದೆ ಸದ್ದು ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ದೀಪ ಪ್ರಕಾಶವಾಗಿಯೇ ಇದ್ದು ಒಂದೇ ಒಂದು 'ಟಕ್' ಕೇಳಿ ನಿಂತುಬಿಟ್ಟರೆ ಅನುಮಾನ ಸ್ಟಾರ್ಟರ್ ಮೋಟರಿನ ಮೇಲೆ. ಎಂಜಿನ್ ಗರಗರ ತಿರುಗುತ್ತಿದ್ದರೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರಬೇಕಿಲ್ಲ: ಪೆಟ್ರೋಲ್ ಬರುತ್ತಿಲ್ಲ, ಕಿಡಿ ಹಾರುತ್ತಿಲ್ಲ, ಅಥವಾ ಕೀಲಿಯ ಚಿಪ್ಪನ್ನು ಕಾರು ಗುರುತಿಸುತ್ತಿಲ್ಲ. ಏನೂ ಸದ್ದೇ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಸಣ್ಣ ಸಂಗತಿಗಳನ್ನು. ಆಟೊಮ್ಯಾಟಿಕ್ ಗೇರ್ ಪಾರ್ಕಿನಲ್ಲಿದೆಯೇ? ಕ್ಲಚ್ ಅಥವಾ ಬ್ರೇಕನ್ನು ಪೂರ್ತಿ ಒತ್ತಿದ್ದೇವೆಯೇ? ಇಷ್ಟು ತಿಳಿದವರು ಮೆಕ್ಯಾನಿಕ್‌ಗೆ ಫೋನ್ ಮಾಡಿದಾಗಲೂ 'ಕಾರು ಕೆಟ್ಟಿದೆ' ಎನ್ನದೆ ಏನಾಗಿದೆ ಎಂದು ಹೇಳಬಲ್ಲರು. ಅವನು ತಕ್ಕ ಸಾಮಾನು ಹಿಡಿದೇ ಬರುತ್ತಾನೆ.

ಇವುಗಳಲ್ಲಿ ಬ್ಯಾಟರಿಯದೇ ಮೊದಲ ಸ್ಥಾನ, ಮತ್ತು ನಮ್ಮ ಕಡೆ ಕಾರು ಬಳಸುವ ರೀತಿಯೇ ಅದಕ್ಕೆ ಶತ್ರು. ವಾರಗಟ್ಟಲೆ ಕಾರು ಶೆಡ್ಡಿನಲ್ಲಿ ನಿಂತಿರುತ್ತದೆ. ಅಲಾರಂ, ಕಂಪ್ಯೂಟರ್‌ಗಳು ಆಗಲೂ ತುಸು ತುಸು ಕರೆಂಟ್ ಹೀರುತ್ತಲೇ ಇರುತ್ತವೆ. ತೆಗೆದರೂ ಊರೊಳಗೆ ಐದು ನಿಮಿಷದ ಓಡಾಟ. ಸೆಲ್ಫ್ ಹೊಡೆಯಲು ಖರ್ಚಾದದ್ದು ತುಂಬಿಕೊಳ್ಳುವ ಮೊದಲೇ ಎಂಜಿನ್ ಬಂದ್. ಬೇಸಿಗೆಯ ಸೆಕೆ ಬೇರೆ ಬ್ಯಾಟರಿಯ ಆಯಸ್ಸನ್ನು ತಿನ್ನುತ್ತದೆ. ಮೂರರಿಂದ ಐದು ವರ್ಷ ಬಾಳುವ ಬ್ಯಾಟರಿ ಹೀಗೆ ಅರ್ಧ ಜೀವದಲ್ಲೇ ಬೆಟ್ಟ ಹತ್ತುತ್ತದೆ. ಅಲ್ಲಿ ದರ್ಶನದ ಸಾಲಿನಲ್ಲಿದ್ದವರಿಗಾಗಿ ಕಾಯುತ್ತ ಉಳಿದವರು ಎಂಜಿನ್ ಆರಿಸಿ, ಕೀಲಿ ಆನ್ ಇಟ್ಟು, ಹಾಡು ಹಾಕಿ, ಮೊಬೈಲ್ ಚಾರ್ಜಿಗಿಟ್ಟು ಕೂರುತ್ತಾರೆ. ಹಿಂತಿರುಗುವ ಹೊತ್ತಿಗೆ ಸೆಲ್ಫ್ ಎತ್ತುವುದಿಲ್ಲ. ಪೂರ್ತಿ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಆಸುಪಾಸಿಗೆ ಇಳಿದರೆ ಬಹುಪಾಲು ಬರಿದಾದಂತೆಯೇ. ಮಲ್ಟಿಮೀಟರ್ ಇಲ್ಲದವರಿಗೂ ಟರ್ಮಿನಲ್ ಮೇಲೆ ಬೂಷ್ಟಿನಂತೆ ಕಟ್ಟಿದ ಬಿಳಿ-ಹಸಿರು ಪುಡಿ ಕಾಣದೇ ಇರದು. ಆ ಪುಡಿ ತಂತಿಗೂ ಬ್ಯಾಟರಿಗೂ ನಡುವೆ ಅಡ್ಡ ನಿಂತು, ಒಳ್ಳೆಯ ಬ್ಯಾಟರಿಯನ್ನೂ ಸತ್ತಂತೆ ತೋರಿಸುತ್ತದೆ. ಎಂಜಿನ್ ಆರಿಸಿ, ಮೊದಲು ಮೈನಸ್ ಬಿಚ್ಚಿ, ಸೋಡಾಪುಡಿ ಬೆರೆಸಿದ ನೀರಿನಿಂದ ಉಜ್ಜಿ, ಒರೆಸಿ ಒಣಗಿಸಿ, ಬಿಗಿಯಾಗಿ ಕಟ್ಟಿದರೆ ಎಷ್ಟೋ ಕಾರುಗಳು ಹೊಸ ಬ್ಯಾಟರಿ ಬೇಡದೆ ಎದ್ದು ನಿಲ್ಲುತ್ತವೆ.

'ಇದೆಲ್ಲ ಮೆಕ್ಯಾನಿಕ್ ಕೆಲಸ, ಫೋನ್ ಮಾಡಿದರೆ ಬರುತ್ತಾನೆ' ಎನ್ನುವವರಿದ್ದಾರೆ. ಊರಿನಲ್ಲಿ ಅದು ನಿಜ. ಮಾದಪ್ಪನ ಬೆಟ್ಟದ ದಾರಿಯಲ್ಲಿ ತಾಳಬೆಟ್ಟದ ಮೇಲಿನ ತಿರುವುಗಳಲ್ಲಿ ನೆಟ್‌ವರ್ಕ್ ಸಿಗುವ ಭರವಸೆ ಇಲ್ಲ, ಸಿಕ್ಕರೂ ಗ್ಯಾರೇಜಿನವನು ದೂರದಿಂದ ಹತ್ತಿ ಬರಬೇಕು. 'ಈಗಿನ ಕಾರುಗಳೆಲ್ಲ ಕಂಪ್ಯೂಟರ್, ನಮಗೇನು ತಿಳಿಯುತ್ತದೆ' ಎಂಬುದು ಇನ್ನೊಂದು ಮಾತು, ಇದರಲ್ಲಿ ಹುರುಳಿದೆ. ಸೆನ್ಸರ್ ಕೆಟ್ಟರೆ ರಸ್ತೆಬದಿಯಲ್ಲಿ ನಾವು ಮಾಡಬಹುದಾದದ್ದು ಹೆಚ್ಚಿಲ್ಲ. ಆದರೆ ಆ ಕಂಪ್ಯೂಟರ್ ಎಚ್ಚರವಾಗುವುದೂ 12 ವೋಲ್ಟಿನ ಬ್ಯಾಟರಿಯಿಂದಲೇ. ದೊಡ್ಡ ಬ್ಯಾಟರಿಯಿಂದ ಓಡುವ ಎಲೆಕ್ಟ್ರಿಕ್ ಕಾರಿನಲ್ಲೂ ಸಾಮಾನ್ಯವಾಗಿ ಈ ಚಿಕ್ಕದೊಂದು ಇರುತ್ತದೆ. ಅದು ಸತ್ತರೆ ಇಡೀ ಕಾರು ಏಳುವುದಿಲ್ಲ. ಹಳೆಯ ಕಾರಿನಂತೆ ತಳ್ಳಿ ಸ್ಟಾರ್ಟ್ ಮಾಡುವ ದಾರಿಯೂ ಆಟೊಮ್ಯಾಟಿಕ್ ಕಾರಿಗಿಲ್ಲ. ಹಾಗಾಗಿ ಕಾರು ಹೊಸದಾದಷ್ಟೂ ಮುಂಜಾಗ್ರತೆಯ ಅಗತ್ಯ ಹೆಚ್ಚು.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 24ನೇ ನಿಯಮದ ಪ್ರಕಾರ ಕಾರು ಕಲಿಸುವ ಡ್ರೈವಿಂಗ್ ಶಾಲೆಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಸ್ಪ್ಯಾನರ್, ಜಾಕ್ ಎಲ್ಲವೂ ಇರಬೇಕು. 31ನೇ ನಿಯಮದ ಪಠ್ಯಕ್ರಮದಲ್ಲಿ ವಾಹನದ ಯಂತ್ರರಚನೆ ಮತ್ತು ರಿಪೇರಿಗೆ ಒಂದು ಭಾಗವೇ ಇದೆ. ಹೆಚ್ಚಿನವರ ಕಲಿಕೆ ಮಾತ್ರ ಕ್ಲಚ್, ಬ್ರೇಕ್, ರಿವರ್ಸಿಗೆ ಮುಗಿದುಹೋಗುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಡ್ರೈವಿಂಗ್ ಶಾಲೆಗಳು ಒಂದು ದಿನವನ್ನಾದರೂ ಬಾನೆಟ್ ತೆರೆದು ಪಾಠ ಹೇಳಲು ಮೀಸಲಿಡಲಿ, ಸಾರಿಗೆ ಇಲಾಖೆ ಅದು ನಡೆಯುವಂತೆ ನೋಡಿಕೊಳ್ಳಲಿ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಡುವವರು ಮೂರು ದಿನ ಮೊದಲೇ ಬ್ಯಾಟರಿಯ ಮೇಲಿನ ತಿಂಗಳು, ವರ್ಷ ನೋಡಿ, ಟರ್ಮಿನಲ್ ಅಲುಗುತ್ತದೆಯೇ ಪರೀಕ್ಷಿಸಿ, ಮೂರು ವರ್ಷ ದಾಟಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಒಮ್ಮೆ ಚೆಕ್ ಮಾಡಿಸಿಕೊಳ್ಳಿ.